ಗಿಂಡಿಯಲ್ಲಿ ಇಳಿಯುವವರು

ಚೆನ್ನೈನ ಗಿಂಡಿ ರೈಲು ನಿಲ್ದಾಣದ ಹಳದಿ ಫಲಕದ ತಮಿಳು ಹೆಸರನ್ನು ನಮ್ಮಂತಹ ಅರೆಬರೆ ತಮಿಳಿನವರು ಅಕ್ಷರ ಕೂಡಿಸಿ ಓದಿದರೆ ಅದು ‘ಗಿಂಡಿ’ಯೂ ಆಗಬಹುದು, ‘ಕಿಂಡಿ’ಯೂ ಆಗಬಹುದು. ಆ ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಗಿಂಡಿ ಎಂದರೆ ನಮಗೆ ದೇವರ ಮನೆಯ ಕೊಕ್ಕಿನ ಪಾತ್ರೆ. ಕಿಂಡಿ ಎಂದರೆ ಉಡುಪಿಯ ಕನಕನ ಕಿಂಡಿ. ಚೆನ್ನೈಗೆ ಬಂದ ಹೊಸದರಲ್ಲಿ ನಾನು ಎರಡನ್ನೂ ನೆನೆದು ನಕ್ಕವನೇ. ಈಗ ಹನ್ನೊಂದು ವರ್ಷಗಳಿಂದ ವಾರಕ್ಕೆ ಐದು ದಿನ ಇದೇ ಫಲಕದ ಕೆಳಗೆ ಇಳಿಯುತ್ತಿದ್ದೇನೆ. ಹೊರಗಿನಿಂದ ಬಂದವನಿಗೆ ಈ ಊರು ಕಂಡದ್ದು ಇಲ್ಲಿಂದಲೇ ಆದ್ದರಿಂದ ಕಿಂಡಿ ಎಂದರೂ ನನ್ನ ಮಟ್ಟಿಗೆ ತಪ್ಪಿಲ್ಲ.

ನನ್ನ ಊರು ರಾಣೆಬೆನ್ನೂರು. ಮನೆ ಕ್ರೋಂಪೇಟೆಯಲ್ಲಿ, ಕೆಲಸ ಗಿಂಡಿಯ ಕೈಗಾರಿಕಾ ಎಸ್ಟೇಟಿನಲ್ಲಿ. ಬೆಳಗಿನ ಹೊತ್ತು ಒಂದು ರೈಲು ತಪ್ಪಿದರೆ ಹತ್ತು ನಿಮಿಷದೊಳಗೆ ಇನ್ನೊಂದು ಬರುತ್ತದೆ. ಕನಿಷ್ಠ ದರ 5 ರೂಪಾಯಿ. ತಿಂಗಳ ಪಾಸ್ ಮಾಡಿಸಿಕೊಂಡರೆ ಇನ್ನೂ ಅಗ್ಗ. ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಈ ಲೆಕ್ಕ ಹೇಳಿದರೆ ಅವನು ನಂಬುವುದಿಲ್ಲ. ಅವನು ಸಿಲ್ಕ್ ಬೋರ್ಡ್ ದಾಟಲು ತೆಗೆದುಕೊಳ್ಳುವ ಸಮಯದಲ್ಲಿ ನಾನು ಕಚೇರಿ ತಲುಪಿ ಒಂದು ಲೋಟ ಟೀ ಕುಡಿದಿರುತ್ತೇನೆ.

ಈ ರೈಲು ನಿನ್ನೆ ಮೊನ್ನೆ ಬಂದದ್ದಲ್ಲ. ಸೌತ್ ಇಂಡಿಯನ್ ರೈಲ್ವೆ ಕಂಪನಿಯವರು 1870ರ ದಶಕದಲ್ಲಿ ಮದರಾಸಿನಿಂದ ದಕ್ಷಿಣದ ಜಿಲ್ಲೆಗಳ ಕಡೆಗೆ ಮೀಟರ್ ಗೇಜ್ ಹಳಿ ಹಾಕಿದರು. ಆಗ ಈ ಕಡೆ ಇದ್ದದ್ದು ಕೆರೆ, ಗದ್ದೆ, ಕಾಡು ಮತ್ತು ಪರಂಗಿಮಲೆ ಎಂದು ಕರೆಯುವ ಸೇಂಟ್ ಥಾಮಸ್ ಮೌಂಟ್‌ನ ದಂಡು ಪ್ರದೇಶ. 1931ರಲ್ಲಿ ಬೀಚ್ ನಿಲ್ದಾಣದಿಂದ ತಾಂಬರಂವರೆಗೆ ಸುಮಾರು 29 ಕಿಲೋಮೀಟರ್ ದೂರ ವಿದ್ಯುತ್ ರೈಲು ಓಡತೊಡಗಿತು. ದಕ್ಷಿಣ ಭಾರತದಲ್ಲಿ ಅದೇ ಮೊದಲು. ಇಂದಿಗೂ ಇಲ್ಲಿನ ಹಿರಿಯರು ಇದನ್ನು ಲೋಕಲ್ ಎನ್ನುವುದಿಲ್ಲ, ‘ಎಲೆಕ್ಟ್ರಿಕ್ ಟ್ರೈನ್’ ಎನ್ನುತ್ತಾರೆ. ತೊಂಬತ್ತು ವರ್ಷ ಕಳೆದರೂ ಆ ಬೆರಗು ಹೆಸರಿನಲ್ಲಿ ಉಳಿದುಕೊಂಡಿದೆ.

ಇಲ್ಲಿ ನಮ್ಮದೊಂದು ವಿಪರ್ಯಾಸ ನೆನಪಾಗುತ್ತದೆ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿದ್ದು 1902ರಲ್ಲಿ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಅದನ್ನು ನಾವು ಭಾಷಣಗಳಲ್ಲಿ ಹೇಳಿ ಹೇಳಿ ಸವೆಸಿದ್ದೇವೆ. ಆದರೆ ನಗರದೊಳಗೆ ದುಡಿಯುವವರನ್ನು ಹೊತ್ತೊಯ್ಯಲೆಂದೇ ಓಡುವ ಉಪನಗರ ರೈಲು, ಮದರಾಸಿಗೆ 1931ರಲ್ಲಿ ಬಂದದ್ದು, ಬೆಂಗಳೂರಿಗೆ ಇನ್ನೂ ಬಂದಿಲ್ಲ.

ಹಳಿ ಮೊದಲು ಬಂತು, ಊರು ಆಮೇಲೆ ಅದರ ಸುತ್ತ ಬೆಳೆಯಿತು. ನನ್ನ ಕ್ರೋಂಪೇಟೆಯನ್ನೇ ನೋಡಿ. ಅಲ್ಲಿದ್ದ ಕ್ರೋಮ್ ಲೆದರ್ ಕಂಪನಿಯ ಚರ್ಮ ಹದ ಮಾಡುವ ಕಾರ್ಖಾನೆಯಿಂದ ಬಂದ ಹೆಸರು ಅದು. ಮುಂದಿನ ನಿಲ್ದಾಣ ತಾಂಬರಂ ಸ್ಯಾನಿಟೋರಿಯಂ, ಕ್ಷಯರೋಗಿಗಳ ಆಸ್ಪತ್ರೆಯ ಹೆಸರು ಹೊತ್ತದ್ದು. ಈ ದಾರಿಯ ನಿಲ್ದಾಣಗಳ ಹೆಸರುಗಳಲ್ಲಿ ಅರಮನೆ ಕಡಿಮೆ, ಕಾರ್ಖಾನೆ ಆಸ್ಪತ್ರೆಗಳೇ ಕಾಣುತ್ತವೆ. 1960ರ ದಶಕದಲ್ಲಿ ಹಳೆಯ ಡಿ.ಸಿ. ವಿದ್ಯುತ್ತನ್ನು ತೆಗೆದು ಎ.ಸಿ.ಗೆ ಬದಲಿಸಿದರು. 2004ರಲ್ಲಿ ಮೀಟರ್ ಗೇಜ್ ಲೋಕಲ್ ರೈಲುಗಳು ನಿಂತು ಬ್ರಾಡ್ ಗೇಜ್ ಬಂತು. ಬದಲಾವಣೆ ಎಷ್ಟಾದರೂ ಹಳಿ ಇರುವುದು ಮೊದಲಿದ್ದ ಜಾಗದಲ್ಲೇ.

ಗಿಂಡಿಯ ವಿಶೇಷವೆಂದರೆ ಹಳಿಯ ಎರಡು ಬದಿಗೆ ಎರಡು ಬೇರೆ ಲೋಕಗಳಿರುವುದು. ಮೇಲ್ಸೇತುವೆಯ ಮೆಟ್ಟಿಲು ಹತ್ತಿ ನಿಂತು ಪೂರ್ವಕ್ಕೆ ನೋಡಿದರೆ ಜಿ.ಎಸ್.ಟಿ. ರಸ್ತೆ. ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ, ಇದು ಗ್ರ್ಯಾಂಡ್ ಸದರ್ನ್ ಟ್ರಂಕ್ ರೋಡ್. ಅದರ ಮೇಲೆ 2016ರ ಸೆಪ್ಟೆಂಬರಿನಲ್ಲಿ ಶುರುವಾದ ಮೆಟ್ರೋ, ಅದರಾಚೆ ಕುದುರೆ ರೇಸಿನ ಮೈದಾನ, ಇನ್ನೂ ಆಚೆ ರಾಜ್ಯಪಾಲರ ನಿವಾಸ ಮತ್ತು ಕಾಡು. ಇದು ದೊರೆಗಳ ದಿಕ್ಕು. ಇಲ್ಲಿನ ‘ಗಿಂಡಿ ಲಾಡ್ಜ್’ ಎಂಬ ತೋಟದ ಮನೆ ಸರ್ಕಾರದ ಕೈಗೆ ಬಂದದ್ದು ಥಾಮಸ್ ಮನ್ರೋ ಮದರಾಸಿನ ಗವರ್ನರ್ ಆಗಿದ್ದ ಕಾಲದಲ್ಲಿ. ಮನ್ರೋ ಹೆಸರು ನಮ್ಮವರಿಗೆ ಹೊಸದಲ್ಲ. ಮೊದಲು ಕೆನರಾದ ಕಲೆಕ್ಟರ್, ಆಮೇಲೆ ಬಳ್ಳಾರಿ ಸೀಮೆಯವನು. ಮಂತ್ರಾಲಯದ ರಾಯರ ಕಥೆಯಲ್ಲಿ ಬರುವ ಮನ್ರೋ ಸಾಹೇಬನೂ ಅವನೇ. ಆ ಲಾಡ್ಜೇ ಮುಂದೆ ರಾಜಭವನವಾಯಿತು. ಅದಕ್ಕೆ ಅಂಟಿಕೊಂಡ ಕಾಡು ಇಂದಿನ ಗಿಂಡಿ ರಾಷ್ಟ್ರೀಯ ಉದ್ಯಾನ, ಹೆಚ್ಚೂ ಕಡಿಮೆ 2.7 ಚದರ ಕಿಲೋಮೀಟರ್, ದೇಶದ ಅತಿ ಸಣ್ಣ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು. ಅಲ್ಲಿ ಕೃಷ್ಣಮೃಗಗಳಿವೆ. ರಾಣೆಬೆನ್ನೂರಿನವನಿಗೆ ಕೃಷ್ಣಮೃಗ ತೋರಿಸಿ ಇಲ್ಲಿನವರು ಹೆಮ್ಮೆಪಟ್ಟರೆ ನಾನು ಸುಮ್ಮನೆ ತಲೆಯಾಡಿಸುತ್ತೇನೆ. ಆದರೂ ಇಷ್ಟು ದೊಡ್ಡ ನಗರದ ಹೊಟ್ಟೆಯೊಳಗೆ ಅವು ಉಳಿದಿರುವುದು ಸಣ್ಣ ಮಾತಲ್ಲ.

ಆ ಕಡೆಗೇ ಇನ್ನೊಂದಿಷ್ಟು ದೂರದಲ್ಲಿ ಗಿಂಡಿ ಎಂಜಿನಿಯರಿಂಗ್ ಕಾಲೇಜು. 1794ರಲ್ಲಿ ಮೈಕೆಲ್ ಟಾಪಿಂಗ್ ಎಂಟು ಹುಡುಗರನ್ನು ಕೂಡಿಸಿಕೊಂಡು ಶುರು ಮಾಡಿದ ಸರ್ವೆ ಶಾಲೆಯೇ ಬೆಳೆದು ಕಾಲೇಜಾಗಿ 1920ರಲ್ಲಿ ಗಿಂಡಿಗೆ ಬಂತು. ಮಂಗಳೂರು, ಕಾಸರಗೋಡು, ಬಳ್ಳಾರಿಗಳೆಲ್ಲ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1940ರ ದಶಕದ ಮಧ್ಯದವರೆಗೂ, ಆ ಸೀಮೆಯ ಹುಡುಗರಿಗೆ ತಮ್ಮ ಪ್ರಾಂತ್ಯದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಎಂದರೆ ಇದೇ. ಕರಾವಳಿಯ ಹಳೆಯ ಮನೆಗಳಲ್ಲಿ ‘ಅಜ್ಜ ಗಿಂಡಿಯಲ್ಲಿ ಓದಿದವರು’ ಎಂಬ ಮಾತು ಕೇಳಿದವರು ಈ ಅಂಕಣದ ಓದುಗರಲ್ಲೂ ಇರಬಹುದು. ಇನ್ನು ಅಳತೆಯ ವಿಷಯಕ್ಕೆ ಬಂದರೆ, ಪಕ್ಕದ ನಿಲ್ದಾಣವಾದ ಸೇಂಟ್ ಥಾಮಸ್ ಮೌಂಟ್‌ನ ಬಯಲಿನಲ್ಲೇ 1802ರ ಏಪ್ರಿಲ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ ಏಳೂವರೆ ಮೈಲಿ ಉದ್ದದ ಆಧಾರರೇಖೆ ಅಳೆಯಲು ಸರಪಳಿ ಎಳೆದದ್ದು. ಇಡೀ ಭಾರತದ ಮಹಾ ತ್ರಿಕೋನಮಿತಿ ಸರ್ವೆ ಅಲ್ಲಿಂದ ಹುಟ್ಟಿತು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಅಧಿಕಾರಿ ಅವನು. 1804ರಲ್ಲಿ ಬೆಂಗಳೂರಿನ ಬಳಿಯೂ ಇಂಥದ್ದೇ ರೇಖೆ ಅಳೆದು ಮದರಾಸಿನ ಲೆಕ್ಕವನ್ನು ತಾಳೆ ನೋಡಿದ.

ರೇಸ್ ಮೈದಾನದ ಕಥೆ ಬೇರೆ. ಮದರಾಸ್ ರೇಸ್ ಕ್ಲಬ್ 1896ರದ್ದು. ಸುಮಾರು 160 ಎಕರೆಯ ಆ ಗುತ್ತಿಗೆ ಭೂಮಿಯನ್ನು 2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಗುತ್ತಿಗೆ ರದ್ದು ಮಾಡಿ ವಶಕ್ಕೆ ತೆಗೆದುಕೊಂಡಿತು. ಮಳೆನೀರು ನಿಲ್ಲಲು ಅಲ್ಲಿ ಕೊಳ ತೋಡುವ ಕೆಲಸವೂ ನಡೆಯಿತು. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿದಾಗ ಈ ಸುತ್ತಿನ ಬೀದಿಗಳು ಏನಾದವು ಎಂದು ನೋಡಿದವರಿಗೆ ಕುದುರೆಗಿಂತ ಕೊಳವೇ ಮೇಲು ಎನಿಸುತ್ತದೆ. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿ ಓಡಾಡುವವರು ಇದನ್ನು ಗಮನಿಸಬೇಕು.

ಈಗ ಮೇಲ್ಸೇತುವೆಯಲ್ಲಿ ಹಿಂದಕ್ಕೆ ತಿರುಗಿ ಪಶ್ಚಿಮಕ್ಕೆ ನೋಡಿ. ನಾನು ದಿನಾ ಇಳಿಯುವುದು ಈ ಕಡೆಗೆ. ಕಾಮರಾಜರು ಮುಖ್ಯಮಂತ್ರಿ, ಮುಂದೆ ರಾಷ್ಟ್ರಪತಿಯಾದ ಆರ್. ವೆಂಕಟರಾಮನ್ ಕೈಗಾರಿಕಾ ಮಂತ್ರಿ ಆಗಿದ್ದಾಗ, 1958ರಲ್ಲಿ ಶುರುವಾದ ಕೈಗಾರಿಕಾ ಎಸ್ಟೇಟ್ ಇದು. ಸಣ್ಣ ಬಂಡವಾಳದವರಿಗೆ ಸರ್ಕಾರವೇ ಶೆಡ್ಡು, ರಸ್ತೆ, ವಿದ್ಯುತ್ತು ಮಾಡಿಕೊಟ್ಟು ‘ಬನ್ನಿ, ಲೇತ್ ಹಾಕಿ’ ಎಂದ ಮೊದಲ ಪ್ರಯತ್ನಗಳಲ್ಲಿ ಒಂದು. ಕಾರ್ಮಿಕ ನಾಯಕ ತಿರು.ವಿ.ಕ. ಅವರ ಹೆಸರಿಟ್ಟಿದ್ದಾರೆ. ದೊರೆಗಳ ದಿಕ್ಕಿಗೆ ಬೆನ್ನು ಹಾಕಿ ಈ ದಿಕ್ಕಿಗೆ ಇಳಿದ ಜನರೇ ಗಿಂಡಿ ನಿಲ್ದಾಣಕ್ಕೆ ಜೀವ ತುಂಬಿದವರು. ತಾಂಬರಂ, ಪಲ್ಲಾವರಂ ಕಡೆಯಿಂದ ಬೆಳಗಿನ ಪಾಳಿಗೆ ಊಟದ ಡಬ್ಬಿ ಹಿಡಿದು ಬರುವ ಟರ್ನರು, ಫಿಟ್ಟರು, ಮೋಲ್ಡರುಗಳು.

ನಾನು ಬಂದ ಹೊತ್ತಿಗೇ ಎಸ್ಟೇಟು ಅರ್ಧ ಬದಲಾಗಿತ್ತು. ಗಾಜಿನ ಕಟ್ಟಡಗಳು ಎದ್ದಿದ್ದವು. ನನ್ನ ಕಚೇರಿಯೂ ಅಂಥದ್ದೇ. ವಾಹನದ ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ಚಿತ್ರಿಸುವುದು ನಮ್ಮ ಕೆಲಸ. ಅದೇ ಬಿಡಿಭಾಗಗಳನ್ನು ಕೈಯಾರೆ ಕಡೆಯುತ್ತಿದ್ದ ಶೆಡ್ಡು ನಮ್ಮ ಕಟ್ಟಡದ ಜಾಗದಲ್ಲೇ ಇತ್ತೆಂದು ಎದುರಿನ ಟೀ ಅಂಗಡಿಯಣ್ಣ ಹೇಳುತ್ತಾರೆ. ಈಗಲೂ ಎರಡು ಕಟ್ಟಡಗಳ ನಡುವೆ ಒಂದೊಂದು ಹಳೆಯ ಶೆಡ್ಡು ಉಳಿದಿದೆ. ಬಾಗಿಲ ಬಳಿ ಕಬ್ಬಿಣದ ಸಿವುಡಿನ ರಾಶಿ, ಕಟಿಂಗ್ ಆಯಿಲ್ ವಾಸನೆ. ನಮ್ಮ ಕಚೇರಿಯ ಹುಡುಗರು ಮೂಗು ಮುಚ್ಚಿಕೊಂಡು ದಾಟುತ್ತಾರೆ. ನನಗೆ ಅದು ಡಿಪ್ಲೊಮಾ ಕಾಲದ ವರ್ಕ್‌ಶಾಪ್ ನೆನಪಿಸುತ್ತದೆ.

ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬರುವ ಕೊರಿಯಾದ ಎಂಜಿನಿಯರ್ ಒಬ್ಬರಿದ್ದಾರೆ. ಶ್ರೀಪೆರಂಬದೂರು ಕಡೆಯ ಕಾರು ಕಾರ್ಖಾನೆಗಳಿಂದಾಗಿ ಚೆನ್ನೈನಲ್ಲಿ ಕೊರಿಯನ್ನರು ಅಪರೂಪವೇನಲ್ಲ. ಒಮ್ಮೆ ಅವರನ್ನು ಈ ಮೇಲ್ಸೇತುವೆ ಮೇಲೆ ಕರೆತಂದಾಗ ಎರಡೂ ಕಡೆ ನೋಡಿ ‘ಇದು ನಮ್ಮ ಗರಿಬೊಂಗ್’ ಎಂದರು. ಸೋಲ್ ನಗರದ ನೈರುತ್ಯದಲ್ಲಿ ಗುರೊ ಎಂಬ ಕೈಗಾರಿಕಾ ಪ್ರದೇಶವಿದೆ. 1960ರ ದಶಕದಲ್ಲಿ ಸರ್ಕಾರ ಕಟ್ಟಿದ್ದು. ಬಟ್ಟೆ, ಕೃತಕ ಕೂದಲು, ರೇಡಿಯೊ ತಯಾರಿಸಲು ಹಳ್ಳಿಗಳಿಂದ ಬಂದ ಹುಡುಗಿಯರು ಜೇನುಗೂಡಿನಂಥ ಪುಟ್ಟ ಕೋಣೆಗಳಲ್ಲಿ ನಾಲ್ಕೈದು ಜನ ಸೇರಿ ಬದುಕಿದ ಜಾಗ. ಸೋಲ್‌ನ ಮೊದಲ ಸುರಂಗ ರೈಲು ಶುರುವಾದ 1974ರಲ್ಲೇ ಅದಕ್ಕೆ ಕೂಡಿಕೊಂಡ ಉಪನಗರ ಮಾರ್ಗದಲ್ಲಿ ಅವರಿಗೆ ಗರಿಬೊಂಗ್ ನಿಲ್ದಾಣ ಸಿಕ್ಕಿತು. 1985ರಲ್ಲಿ ಅಲ್ಲಿನ ಹಲವು ಕಾರ್ಖಾನೆಗಳ ಕೆಲಸಗಾರರು ಒಟ್ಟಾಗಿ ಮುಷ್ಕರ ಹೂಡಿದ್ದು ಆ ದೇಶದ ಕಾರ್ಮಿಕ ಚರಿತ್ರೆಯಲ್ಲಿ ದೊಡ್ಡ ಘಟನೆ. ಆಮೇಲೆ ಹೊಲಿಗೆ ಯಂತ್ರಗಳು ಹೋಗಿ ಸಾಫ್ಟ್‌ವೇರ್ ಬಂತು. 2005ರಲ್ಲಿ ನಿಲ್ದಾಣದ ಹೆಸರನ್ನೇ ‘ಗಾಸನ್ ಡಿಜಿಟಲ್ ಕಾಂಪ್ಲೆಕ್ಸ್’ ಎಂದು ಬದಲಿಸಿದರು. ಆದರೆ ಹುಡುಗಿಯರ ಜೇನುಗೂಡು ಕೋಣೆಗಳನ್ನು ತೋರಿಸುವ ಒಂದು ಸಣ್ಣ ವಸ್ತುಸಂಗ್ರಹಾಲಯವನ್ನೂ ಅದೇ ಬಡಾವಣೆಯಲ್ಲಿ ಮಾಡಿದ್ದಾರೆ.

ಗಿಂಡಿಯ ಹೆಸರು ಬದಲಾಗಿಲ್ಲ, ಅದು ಸಂತೋಷ. ಆದರೆ ಶೆಡ್ಡಿನವರ ಗುರುತಾಗಿ ಇಲ್ಲಿ ಒಂದು ಫಲಕವನ್ನೂ ನಾನು ಕಂಡಿಲ್ಲ. ಕುದುರೆಗಳ ಚರಿತ್ರೆ ಪುಸ್ತಕಗಳಲ್ಲಿ ಸಿಗುತ್ತದೆ, ಲೇತ್ ತಿರುಗಿಸಿದವರದ್ದು ಸಿಗುವುದಿಲ್ಲ.

ಅಂಥವರೊಬ್ಬರು ಈ ರೈಲಿನಲ್ಲೇ ನನಗೆ ಪರಿಚಯವಾದರು. ನಾನು ಫೋನಿನಲ್ಲಿ ಇದೇ ಪತ್ರಿಕೆ ಓದುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಅರವತ್ತರ ಆಸುಪಾಸಿನವರು, ‘ಸಾರ್, ನೀವು ಕರ್ನಾಟಕದೋರಾ? ಕನ್ನಡ ಅಕ್ಷರ ನೋಡಿ ಬಹಳ ದಿನ ಆಯ್ತು’ ಎಂದರು. ಕೆ.ಜಿ.ಎಫ್.ನವರು. ಮನೆಮಾತು ತಮಿಳು, ಓದಿದ್ದು ಕನ್ನಡ ಶಾಲೆಯಲ್ಲಿ. ಗಣಿಯ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು. 2001ರಲ್ಲಿ ಗಣಿ ಮುಚ್ಚಿದಾಗ ಹೆಂಡತಿಯ ತವರಿನವರನ್ನು ನಂಬಿ ಚೆನ್ನೈಗೆ ಬಂದು ಗಿಂಡಿಯ ಒಂದು ಶೆಡ್ಡಿಗೆ ಸೇರಿದರು. ಅವರ ತಮ್ಮ ಊರಲ್ಲೇ ಉಳಿದರು. ಊರಲ್ಲಿ ಉಳಿದ ಸಾವಿರಾರು ಜನರಂತೆ ಆ ತಮ್ಮನೂ ದಿನಾ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುತ್ತಾರೆ. ಬೆಳಕು ಹರಿಯುವ ಮೊದಲು ಮನೆ ಬಿಟ್ಟರೆ ಸೇರುವುದು ರಾತ್ರಿ.

‘ನನ್ನ ತಮ್ಮ ರೈಲಲ್ಲೇ ಮುದುಕ ಆದ ಸಾರ್. ನಾನು ಇಲ್ಲಿ ಕಡಿಮೆ ಸಂಬಳಕ್ಕೇ ಇದ್ದೆ, ಆದ್ರೆ ಸಾಯಂಕಾಲ ಮಕ್ಕಳು ಎದ್ದಿರೋವಾಗ್ಲೇ ಮನೆ ಸೇರ್ತಿದ್ದೆ’ ಎಂದು ಅವರು ಹೇಳಿದಾಗ ರೈಲು ಪಳವಂತಾಂಗಲ್ ದಾಟಿತ್ತು. ಉಪನಗರ ರೈಲಿನ ಬಗ್ಗೆ ಎಷ್ಟೋ ವರದಿ ಓದಿದ್ದೇನೆ. ಮಕ್ಕಳು ಎದ್ದಿರುವಾಗ ಮನೆ ಸೇರುವ ಲೆಕ್ಕ ಯಾವುದರಲ್ಲೂ ನನಗೆ ಸಿಕ್ಕಿಲ್ಲ.

ಅವರು ಈಗ ಗಿಂಡಿಯಲ್ಲಿ ಇಳಿಯುವುದಿಲ್ಲ. ಅವರ ಶೆಡ್ಡಿನ ಜಾಗಕ್ಕೆ ಒಳ್ಳೆಯ ಬೆಲೆ ಬಂತು, ಮಾಲೀಕರು ಯಂತ್ರಗಳನ್ನು ತಿರುಮುಡಿವಾಕ್ಕಂ ಕಡೆಗೆ ಸಾಗಿಸಿದರು. ಪಲ್ಲಾವರಂನಲ್ಲಿ ಇಳಿದು ಬಸ್ಸು ಹಿಡಿಯುತ್ತಾರೆ. ಮಾಲೀಕರನ್ನು ದೂರುವಂತಿಲ್ಲ, ಎಕರೆಗೆ ಬಂಗಾರದ ಬೆಲೆ ಬಂದಾಗ ಯಾರು ಲೇತ್ ಹಿಡಿದು ಕೂರುತ್ತಾರೆ? ಆದರೆ 1958ರಲ್ಲಿ ಸರ್ಕಾರ ಆ ನೆಲ ಕೊಟ್ಟದ್ದು ಲೇತ್‌ಗಾಗಿ. ಅದು ಕಚೇರಿಯಾಗುವಾಗ ಲೇತ್‌ನವರಿಗೆ ರೈಲಿನ ಪಕ್ಕದಲ್ಲೇ ಬೇರೆ ನೆಲ ಕೊಡಬೇಕೆಂಬ ಯೋಚನೆ ಬಾರದಿದ್ದದ್ದು ತಪ್ಪು. ಹಾಗೆ ಬಂದ ಕಚೇರಿಗಳಲ್ಲೊಂದರಲ್ಲಿ ಕೂತು ನಾನು ಇದನ್ನು ಬರೆಯುತ್ತಿದ್ದೇನೆ ಎಂಬುದನ್ನೂ ಓದುಗರು ಲೆಕ್ಕಕ್ಕೆ ಹಿಡಿಯಲಿ.

ಗಿಂಡಿಯನ್ನು ಹೊಗಳಿ ಬೆಂಗಳೂರನ್ನು ತೆಗಳಿದರೆ ಕೆಲಸ ಮುಗಿಯುವುದಿಲ್ಲ. ಈ ರೈಲಿಗೂ ಕಪ್ಪು ನೆರಳಿದೆ. 2018ರ ಜುಲೈ 24ರ ಬೆಳಿಗ್ಗೆ, ವಿದ್ಯುತ್ ತಂತಿ ಕಡಿದು ಲೋಕಲ್ ರೈಲುಗಳು ಅಸ್ತವ್ಯಸ್ತವಾಗಿದ್ದಾಗ, ಎಕ್ಸ್‌ಪ್ರೆಸ್ ಹಳಿಯಲ್ಲಿ ಬಂದ ರೈಲಿನ ಬಾಗಿಲಲ್ಲಿ ಜೋತುಬಿದ್ದಿದ್ದವರು ಸೇಂಟ್ ಥಾಮಸ್ ಮೌಂಟ್ ನಿಲ್ದಾಣದ ಕಾಂಕ್ರೀಟ್ ಗೋಡೆಗೆ ಬಡಿದು ಬಿದ್ದರು. ಹಲವರು ಸತ್ತರು. ಗಿಂಡಿಯಿಂದ ಒಂದೇ ನಿಲ್ದಾಣ ಆಚೆ. ಸತ್ತವರಲ್ಲಿ ಹುಡುಗರೇ ಹೆಚ್ಚು. ಮರುದಿನ ಬಾಗಿಲಲ್ಲಿ ನೇತಾಡಬೇಡಿ ಎಂಬ ಧ್ವನಿವರ್ಧಕದ ಬುದ್ಧಿಮಾತು ಜೋರಾಯಿತು. ಒಳಗೆ ಕಾಲಿಡಲು ಜಾಗವಿಲ್ಲದವನಿಗೆ ಬುದ್ಧಿಮಾತು ಏನು ಮಾಡೀತು?

2025ರ ಏಪ್ರಿಲ್‌ನಲ್ಲಿ ಈ ಮಾರ್ಗಕ್ಕೆ ಹವಾನಿಯಂತ್ರಿತ ಲೋಕಲ್ ಬಂತು. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಯಾರೂ ಜೋತುಬೀಳುವಂತಿಲ್ಲ. ಶುರುವಾದಾಗ ಅದರ ಕನಿಷ್ಠ ದರ 35 ರೂಪಾಯಿ. ಸೆಕೆಗೆ ನಾನೂ ಒಮ್ಮೊಮ್ಮೆ ಹತ್ತುತ್ತೇನೆ. ತಂಪು ಗಾಳಿಗೆ ಹೆಚ್ಚು ದುಡ್ಡು ಕೇಳಲಿ, ತಕರಾರಿಲ್ಲ. ಆದರೆ ಮುಚ್ಚುವ ಬಾಗಿಲು ತಂಪು ಗಾಳಿಯಂಥ ಸುಖವಲ್ಲ. ಅದು ಜೀವದ ಮಾತು. 5 ರೂಪಾಯಿಯವನ ಬೋಗಿಗೂ ಅದು ಬರಬೇಕು. ಮೊದಲು ಅವನಿಗೇ ಬರಬೇಕಿತ್ತು.

ಟಿಕೆಟಿನ ವಿಷಯದಲ್ಲಿ ಈ ನಗರ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ರೈಲು, ಮೆಟ್ರೋ, ಬಸ್ಸು ಮೂರಕ್ಕೂ ಒಂದೇ ಕ್ಯು.ಆರ್. ಟಿಕೆಟ್ ಕೊಡುವ ಆ್ಯಪ್ 2025ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಗಿಂಡಿಯಂಥ ಕಡೆ, ಮೂರೂ ಪಕ್ಕಪಕ್ಕದಲ್ಲೇ ಇರುವಲ್ಲಿ, ಅದರ ಬೆಲೆ ತಿಳಿಯುತ್ತದೆ. ಕೆ.ಜಿ.ಎಫ್. ಅಣ್ಣನ ಬಳಿ ಇರುವುದು ಗುಂಡಿ ಒತ್ತುವ ಫೋನು, ಅವರಿಗೆ ಕೌಂಟರಿನ ಸಾಲೇ ಗತಿ.

ಇನ್ನು ನಮ್ಮ ಬೆಂಗಳೂರು. ಸುಮಾರು 148 ಕಿಲೋಮೀಟರಿನ ನಾಲ್ಕು ಉಪನಗರ ರೈಲು ಮಾರ್ಗಗಳಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರಿನಲ್ಲಿ, ಶಂಕುಸ್ಥಾಪನೆ ಆದದ್ದು 2022ರ ಜೂನ್‌ನಲ್ಲಿ. 40 ತಿಂಗಳಲ್ಲಿ ಮುಗಿಸುತ್ತೇವೆ ಎಂದರು. ಆ 40 ತಿಂಗಳು ಕಳೆದು ಹೋಗಿವೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಚೆಂದದ ಹೆಸರುಗಳನ್ನಂತೂ ಇಟ್ಟಿದ್ದಾರೆ. ಹೂವು ಮೊದಲು ಬಂತು, ಗಿಡ ಇನ್ನೂ ನೆಡುತ್ತಿದ್ದಾರೆ.

ಇವುಗಳಲ್ಲಿ ಮಲ್ಲಿಗೆ ಮಾರ್ಗದ ಮೇಲೆ ನನ್ನ ಕಣ್ಣಿದೆ. ಬೈಯಪ್ಪನಹಳ್ಳಿಯಿಂದ ಹೆಬ್ಬಾಳ, ಯಶವಂತಪುರ, ಜಾಲಹಳ್ಳಿ ದಾಟಿ ಚಿಕ್ಕಬಾಣಾವರಕ್ಕೆ ಹೋಗುವ ದಾರಿ ಅದು. ಜಾಲಹಳ್ಳಿಯ ಮಗ್ಗುಲಲ್ಲೇ ಪೀಣ್ಯ, ಅಂದರೆ ನಮ್ಮ ಗಿಂಡಿ. ಅಲ್ಲೂ ಲೇತ್, ಫೌಂಡ್ರಿ, ಗಾರ್ಮೆಂಟ್ಸ್. ಅಲ್ಲೂ ಹಾವೇರಿ, ಗದಗ, ರಾಯಚೂರಿನಿಂದ ಬಂದ ಹುಡುಗ ಹುಡುಗಿಯರು. ನನ್ನ ಡಿಪ್ಲೊಮಾ ಸಹಪಾಠಿಗಳಲ್ಲಿ ಆರು ಜನ ಅಲ್ಲಿದ್ದಾರೆ. ಪೀಣ್ಯಕ್ಕೆ 2014ರಲ್ಲೇ ಮೆಟ್ರೋ ಬಂತು. ಆದರೆ 2025ರ ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿದ ಮೇಲೆ ಅವರಲ್ಲಿ ನಾಲ್ವರು ಮತ್ತೆ ಬೈಕಿಗೆ ಮರಳಿದರು. ದೂರದ ಪ್ರಯಾಣಕ್ಕೆ 90 ರೂಪಾಯಿ, ಹೋಗಿ ಬರಲು 180. ಗಾರ್ಮೆಂಟ್ಸ್ ಹುಡುಗಿಯ ದಿನದ ಕೂಲಿಯಲ್ಲಿ ಅದು ಎಷ್ಟು ಪಾಲು ಎಂದು ಲೆಕ್ಕ ಹಾಕಲು ಎಂಜಿನಿಯರಿಂಗ್ ಓದಬೇಕಿಲ್ಲ.

ಮಲ್ಲಿಗೆ ಮಾರ್ಗದಲ್ಲಿ ರೈಲು ಓಡುವ ದಿನ ಬರುತ್ತದೆ, ತಡವಾದರೂ ಬರುತ್ತದೆ. ಅಷ್ಟರೊಳಗೆ ಬೆಂಗಳೂರಿನ ಜನಪ್ರತಿನಿಧಿಗಳು ಕೇಳಿ ಬರಹದಲ್ಲಿ ಪಡೆದುಕೊಳ್ಳಬೇಕಾದ ಉತ್ತರಗಳು ಕೆಲವಿವೆ. ಕನಿಷ್ಠ ದರ ಎಷ್ಟು? ತಿಂಗಳ ಪಾಸ್ ಇರುತ್ತದೆಯೇ? ಬೆಳಗಿನ ಪಾಳಿ ಶುರುವಾಗುವ ಮೊದಲೇ ಮೊದಲ ರೈಲು ಬರುತ್ತದೆಯೇ, ಎರಡನೇ ಪಾಳಿ ಬಿಟ್ಟ ಮೇಲೆ ಕೊನೆಯ ರೈಲು ಸಿಗುತ್ತದೆಯೇ? ಮಾರಿಕುಪ್ಪಂನಿಂದ ಬಂದವರು ಬೈಯಪ್ಪನಹಳ್ಳಿಯಲ್ಲಿ ಅದೇ ಟಿಕೆಟ್ಟಿನಲ್ಲಿ ಈ ರೈಲಿಗೆ ಹತ್ತಬಹುದೇ? ಜಾಲಹಳ್ಳಿ ನಿಲ್ದಾಣದಿಂದ ಪೀಣ್ಯದ ಕಡೆಗೆ ಇಳಿಯಲು ಸರಿಯಾದ ಮೆಟ್ಟಿಲು, ದೀಪ, ಕಾಲುದಾರಿ ಇರುತ್ತವೆಯೇ, ಅಥವಾ ಕಾರು ನಿಲ್ಲಿಸುವ ಕಡೆಗೆ ಮಾತ್ರ ಬಾಗಿಲೇ? ಗಿಂಡಿಯಲ್ಲಿ ಎಸ್ಟೇಟಿನ ಕಡೆಯ ಮೆಟ್ಟಿಲುಗಳ ಅಂಚು ನಡೆದೂ ನಡೆದೂ ನುಣ್ಣಗಾಗಿದೆ. ಮಳೆ ಬಂದ ದಿನ ಜಾರುತ್ತದೆ, ಕೈಪಿಡಿ ಹಿಡಿದೇ ಇಳಿಯಬೇಕು.